ಬಾರದ ಹಿಮವನ್ನು ತರಿಸಿದವರು

ನಮ್ಮ ಮೂಡಿಗೆರೆ ಕಡೆ ಮಂಜು ಎಂದರೆ ಬೆಳಗಿನ ಜಾವ ತೋಟದ ಮೇಲೆ ಕವಿದು, ಬಿಸಿಲೇರುತ್ತಿದ್ದಂತೆ ಕರಗಿಹೋಗುವ ಹೊಗೆಯಂಥದ್ದು. ಹಿಮ ಎಂಬುದು ನಮಗೆ ಪುಸ್ತಕದ ಪದ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನ ಮಕ್ಕಳಿಗೆ ಹಿಮಾಲಯದ ಪಾಠ ಮಾಡಿದ ನಾನು ಹಿಮವನ್ನು ಕಣ್ಣಾರೆ ಕಂಡದ್ದು 2023ರ ಡಿಸೆಂಬರಿನಲ್ಲಿ. ಅದೂ ಆಕಾಶದಿಂದ ಬಿದ್ದದ್ದಲ್ಲ, ಪಂಪಿನಿಂದ ಬಂದದ್ದು.

ಮಗಳ ಎರಡನೆಯ ಬಾಣಂತನಕ್ಕೆಂದು ಗಳಿಕೆ ರಜೆ ಹಾಕಿ ಅಮೆರಿಕದ ಕನೆಟಿಕಟ್ ರಾಜ್ಯಕ್ಕೆ ಹೋಗಿದ್ದೆ. ಮೆಂತ್ಯದ ಹಿಟ್ಟು, ಒಣಕೊಬ್ಬರಿ, ಬಾಣಂತಿ ಲೇಹ್ಯದ ಡಬ್ಬಿ ಎಲ್ಲದರ ಜೊತೆ ಮಗಳು ಹೇಳಿದ್ದಳೆಂದು ದಪ್ಪ ದಪ್ಪ ಸ್ವೆಟರುಗಳನ್ನೂ ಹೊತ್ತುಕೊಂಡು ಹೋಗಿದ್ದೆ. ಹೋಗಿ ನೋಡಿದರೆ ಹಿಮವೇ ಇಲ್ಲ. ಎಲೆಯುದುರಿದ ಮರಗಳು, ಕಂದು ಬಣ್ಣದ ಹುಲ್ಲು, ನಮ್ಮ ಸುಗ್ಗಿಯ ನಂತರದ ಗದ್ದೆಬಯಲಿನ ಹಾಗೆ. ಆರು ವರ್ಷದ ಮೊಮ್ಮಗ ಹೊಸ ಸ್ಕೀ ಹಲಗೆಗಳನ್ನು ಮಂಚದ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಿದ್ದ. ಬೆಳಿಗ್ಗೆ ಎದ್ದ ಕೂಡಲೇ ಕಿಟಕಿ ನೋಡುವುದು, ಮುಖ ಸಣ್ಣ ಮಾಡುವುದು. ಅವನನ್ನು ಸಮಾಧಾನ ಮಾಡಲೆಂದು ಅಳಿಯ ಒಂದು ಸಂಜೆ, "ಅತ್ತೆ, ನೀವೂ ಬನ್ನಿ, ಇವತ್ತು ಚಳಿ ಜಾಸ್ತಿ, ರಾತ್ರಿ ಹಿಮ ಮಾಡ್ತಾರಂತೆ, ನೋಡಿಕೊಂಡು ಬರೋಣ" ಎಂದರು.

ಹಿಮ ಮಾಡುತ್ತಾರೆ! ಉಪ್ಪಿಟ್ಟು ಮಾಡುತ್ತಾರೆ ಎಂದ ಹಾಗೆ ಹೇಳಿದರು.

ಅದೊಂದು ಸಣ್ಣ ಗುಡ್ಡ. ನಮ್ಮಲ್ಲಾದರೆ ಅದಕ್ಕೆ ಹೆಸರನ್ನೂ ಇಡುತ್ತಿರಲಿಲ್ಲ. ಜನರನ್ನು ಮೇಲಕ್ಕೆ ಸಾಗಿಸುವ ಕುರ್ಚಿಗಳು ಖಾಲಿ ನೇತಾಡುತ್ತಿದ್ದವು. ಕೆಳಗೊಂದು ಕೊಳ, ಅದರ ಪಕ್ಕ ತಗಡಿನ ಪಂಪ್‌ಹೌಸು, ಅಲ್ಲಿಂದ ಗುಡ್ಡದ ಮೇಲಕ್ಕೆ ಹೋದ ಕಬ್ಬಿಣದ ಪೈಪು. ಅಲ್ಲಲ್ಲಿ ಫಿರಂಗಿಯಂತೆ ಮೂತಿಯೆತ್ತಿ ನಿಂತ ಯಂತ್ರಗಳು. ನಾವು ಹೋದಾಗ ಇಬ್ಬರು ಒಂದು ಯಂತ್ರದ ಮೂತಿ ಬಿಚ್ಚುತ್ತಿದ್ದರು. ವಯಸ್ಸಾದವನು ಕೈಗವಸು ತೆಗೆದು ಬರಿಗೈಯಲ್ಲಿ ನಳಿಕೆಯ ತೂತಿನಿಂದ ತುಕ್ಕಿನ ಚೂರುಗಳನ್ನು ಕೆರೆದು ತೆಗೆಯುತ್ತಿದ್ದ. ಬೇಸಿಗೆಯಿಡೀ ಸುಮ್ಮನಿದ್ದ ಪೈಪಿನೊಳಗಿನ ತುಕ್ಕು ಮೊದಲ ದಿನದ ನೀರಿನ ಜೊತೆ ಬಂದು ನಳಿಕೆ ಕಟ್ಟಿತ್ತು. ಪಂಪ್‌ಹೌಸಿನಿಂದ ಮತ್ತೊಬ್ಬ ಬಂದು ಏನೋ ಕೂಗಿದ, ಎಲ್ಲರೂ ಕೆಳಕ್ಕೆ ಓಡಿದರು. ಜೋಡಣೆಯೊಂದರ ಗ್ಯಾಸ್ಕೆಟ್ ಹಾರಿ ನೀರು ಚಿಮ್ಮುತ್ತಿತ್ತು. ಕ್ರಿಸ್‌ಮಸ್‌ಗೆ ಎರಡೇ ವಾರ ಉಳಿದಿದ್ದವು. ಟಿಕೆಟ್ಟಿನ ಕಿಟಕಿಯಲ್ಲಿದ್ದ ಹೆಂಗಸು ಆಕಾಶವನ್ನೂ ಗಡಿಯಾರವನ್ನೂ ಸರದಿಯಂತೆ ನೋಡುತ್ತಿದ್ದಳು.

ಆ ನೋಟ ನನಗೆ ಗುರುತಿನದು. ನಮ್ಮಮ್ಮ 1983ರ ಮಾರ್ಚಿನಲ್ಲಿ ಹಿತ್ತಲ ಬಾಗಿಲಲ್ಲಿ ನಿಂತು ಹಾಗೇ ನೋಡುತ್ತಿದ್ದಳು.

ಕಾಫಿ ಸೀಮೆಯ ಹೊರಗಿನವರಿಗೆ ಒಂದು ಮಾತು ಹೇಳಬೇಕು. ಕಾಫಿ ಗಿಡ ಮೊಗ್ಗು ಕಟ್ಟಿಕೊಂಡು ಒಂದು ಮಳೆಗಾಗಿ ಕಾಯುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಅಂಗುಲ ಮಳೆ ಸಕಾಲಕ್ಕೆ ಬಿದ್ದರೆ ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಅದಕ್ಕೇ ಹೂಮಳೆ ಎಂದು ಹೆಸರು. ಅದು ಕೈಕೊಟ್ಟರೆ ಮುಂದೆ ಎಷ್ಟು ಮಳೆ ಸುರಿದರೂ ಆ ವರ್ಷದ ಫಸಲು ಹೋದಂತೆ, ರೊಬಸ್ಟಾ ಗಿಡಕ್ಕಂತೂ. ಆ ವರ್ಷ ಅಪ್ಪಯ್ಯ ಅಮ್ಮನ ನಾಲ್ಕು ಬಳೆಗಳನ್ನು ಮಾರಿ ಡೀಸೆಲ್ ಪಂಪನ್ನೂ ಸ್ಪ್ರಿಂಕ್ಲರ್ ಪೈಪುಗಳನ್ನೂ ತಂದರು. ನಮ್ಮದು ಐದು ಎಕರೆ. ತೋಟದ ಕೆಳಗಿನ ಹಳ್ಳಕ್ಕೆ ಕಟ್ಟ ಹಾಕಿ ನೀರು ನಿಲ್ಲಿಸಿದರು. ಪಂಪು ಮೊದಲ ದಿನವೇ ಗಾಳಿ ಹಿಡಿಯಿತು. ಫುಟ್‌ವಾಲ್ವಿನಲ್ಲಿ ಎಲೆ ಸಿಕ್ಕಿಕೊಂಡಿತು. ನಳಿಕೆಯಲ್ಲಿ ಮರಳು ಕಟ್ಟಿತು. ಎರಡನೆಯ ದಿನ ಒಂದು ಪೈಪಿನ ರಬ್ಬರು ವಾಷರು ಹರಿದು, ಅಪ್ಪಯ್ಯ ಹಳೆಯ ಸೈಕಲ್ ಟ್ಯೂಬನ್ನು ಕತ್ತರಿಸಿ ಸುತ್ತಿದರು. ಮೂರನೆಯ ದಿನ ಹಳ್ಳದ ಕೆಳಗಡೆಯ ಗದ್ದೆಯವರು ಬಂದು ಅಂಗಳದಲ್ಲಿ ನಿಂತರು. ಅದನ್ನು ಆಮೇಲೆ ಹೇಳುತ್ತೇನೆ.

ಗುಡ್ಡದಿಂದ ಮನೆಗೆ ಬಂದ ಮೇಲೆ, ಮಗು ಮಲಗಿದ ವೇಳೆಯಲ್ಲೆಲ್ಲ ನಾನು ಈ ಹಿಮ ಮಾಡುವ ವಿದ್ಯೆಯ ಚರಿತ್ರೆಯನ್ನು ಹುಡುಕಿ ಓದತೊಡಗಿದೆ. ಚರಿತ್ರೆ ನನ್ನ ವಿಷಯ, ಆದರೆ ಇಂಥ ಚರಿತ್ರೆ ನಮ್ಮ ಪಠ್ಯದಲ್ಲಿ ಇರುವುದಿಲ್ಲ. ಅಲ್ಲಿ ಪಾಣಿಪತ್ ಇರುತ್ತದೆ, ಪಂಪು ಇರುವುದಿಲ್ಲ. ಓದುತ್ತ ಹೋದಂತೆ ನನಗೆ ಆಶ್ಚರ್ಯವಾದದ್ದು, ಈ ಕಥೆ ಶುರುವಾದದ್ದು ನಾನು ಕುಳಿತಿದ್ದ ಆ ಕನೆಟಿಕಟ್ ರಾಜ್ಯದಲ್ಲೇ ಎಂಬುದು.

ಅಲ್ಲಿನ ಕಾರ್ನ್‌ವಾಲ್ ಎಂಬ ಊರಿನಲ್ಲಿ ಮೊಹಾಕ್ ಎಂಬ ಗುಡ್ಡವಿದೆ. ವಾಲ್ಟರ್ ಶೋನ್‌ಕ್ನೆಕ್ಟ್ ಎಂಬಾತ 1947ರಲ್ಲಿ ಅಲ್ಲಿ ಸ್ಕೀ ಆಟದ ತಾಣ ತೆರೆದ. ಎರಡು ವರ್ಷ ಕಳೆಯುವುದರೊಳಗೆ, 1949–50ರ ಚಳಿಗಾಲದಲ್ಲಿ, ಹಿಮ ಬೀಳಲಿಲ್ಲ. ಲಿಫ್ಟು ಹಾಕಿಸಿದ್ದಾಯಿತು, ಜನರನ್ನು ನೇಮಿಸಿದ್ದಾಯಿತು, ಗುಡ್ಡ ಮಾತ್ರ ಬೋಳು. ಆತ ಮಾಡಿದ್ದೇನು ಗೊತ್ತೇ? ಹತ್ತಿರದ ಟಾರಿಂಗ್‌ಟನ್ ಪಟ್ಟಣದ ಐಸ್ ಕಾರ್ಖಾನೆಯಿಂದ ನೂರಾರು ಟನ್ ಮಂಜುಗಡ್ಡೆಯನ್ನು ಲಾರಿಗಳಲ್ಲಿ ತರಿಸಿ, ಯಂತ್ರದಲ್ಲಿ ಪುಡಿ ಮಾಡಿಸಿ ಇಳಿಜಾರಿನ ಮೇಲೆ ಹರವಿದ. ನಮ್ಮ ಜಾತ್ರೆಯಲ್ಲಿ ಐಸ್ ಕೆರೆದು ಬಣ್ಣದ ಷರಬತ್ತು ಹಾಕಿ ಕೊಡುತ್ತಾರಲ್ಲ, ಅದನ್ನು ಒಂದು ಗುಡ್ಡಕ್ಕೆ ಮಾಡಿದ ಹಾಗೆ. ಜನ ಬಂದು ಸ್ಕೀ ಆಡಿದರು. ಆದರೆ ಲಾರಿ ಬಾಡಿಗೆ ಕೊಟ್ಟು ಕರಗುವ ಸರಕನ್ನು ಎಷ್ಟು ದಿನ ಹೊರಿಸಲಾದೀತು? ಹುಚ್ಚು ಸಾಹಸ ಎಂದು ನಗಬಹುದು. ನನಗೆ ನಗು ಬರಲಿಲ್ಲ. ಅಪ್ಪಯ್ಯನೂ ಪಂಪು ತರುವ ಮುಂಚಿನ ವರ್ಷ ಎತ್ತಿನ ಗಾಡಿಯಲ್ಲಿ ಡ್ರಮ್ಮು ಇಟ್ಟು ತೋಟಕ್ಕೆ ನೀರು ಹೊಡೆಸಿದ್ದರು.

ಅದೇ ಚಳಿಗಾಲದಲ್ಲಿ, ಅದೇ ರಾಜ್ಯದ ಮಿಲ್‌ಫರ್ಡ್ ಎಂಬ ಊರಿನಲ್ಲಿ ಬೇರೆ ಮೂವರಿಗೆ ಇದೇ ಸಂಕಟ. ಆರ್ಟ್ ಹಂಟ್, ವೇಯ್ನ್ ಪಿಯರ್ಸ್, ಡೇವ್ ರಿಚಿ. ವಿಮಾನ ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡಿ ಅನುಭವವಿದ್ದವರು. ಮಹಾಯುದ್ಧ ಮುಗಿದ ಮೇಲೆ ಸ್ವಂತ ಕಾರ್ಖಾನೆ ತೆರೆದು, ವಿಮಾನಕ್ಕೆ ಬಳಸುವ ಅಲ್ಯೂಮಿನಿಯಮ್ಮಿನಿಂದ ಸ್ಕೀ ಹಲಗೆ ಮಾಡಿ ಮಾರುತ್ತಿದ್ದರು. ಕಾರ್ಖಾನೆಗೆ ಟೇ ಎಂದು ಹೆಸರು. ಇಂಗ್ಲಿಷಿನಲ್ಲಿ ಬರೆದರೆ ಮೂವರ ಮನೆತನದ ಹೆಸರಿನ ಕೊನೆಯ ಅಕ್ಷರಗಳು ಸೇರಿ ಆದದ್ದು. ಹಿಮವಿಲ್ಲದಿದ್ದರೆ ಹಲಗೆ ಕೊಳ್ಳುವವರು ಯಾರು? ಮಳೆ ಬಾರದ ವರ್ಷ ಕೊಡೆಯಂಗಡಿಯವನ ಗತಿ. 1950ರ ಮಾರ್ಚಿನಲ್ಲಿ ಪಿಯರ್ಸ್‌ಗೆ ಒಂದು ಯೋಚನೆ ಬಂತು. ನೀರಿನ ಹನಿಯನ್ನು ತೀರ ಸಣ್ಣದಾಗಿ ಒಡೆದು, ಕೊರೆಯುವ ಗಾಳಿಯಲ್ಲಿ ಚಿಮ್ಮಿಸಿದರೆ ನೆಲ ಮುಟ್ಟುವುದರೊಳಗೆ ಅದು ಹಿಮವಾಗಬೇಕಲ್ಲ? ಬಣ್ಣ ಹೊಡೆಯುವ ಕಂಪ್ರೆಸರು, ಅದರ ನಳಿಕೆ, ಕೈತೋಟಕ್ಕೆ ನೀರು ಹಾಯಿಸುವ ರಬ್ಬರು ಪೈಪು, ಇಷ್ಟನ್ನು ಜೋಡಿಸಿ ಮಾರ್ಚ್ 14ರ ರಾತ್ರಿ ಕಾರ್ಖಾನೆಯ ಅಂಗಳದಲ್ಲಿ ಹಚ್ಚಿದರು. ಬೆಳಗಾಗುವಾಗ ಅಂಗಳದಲ್ಲಿ ಹಿಮದ ಗುಪ್ಪೆ. ಅದೇ ಡಿಸೆಂಬರಿನಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದರು, 1954ರ ಏಪ್ರಿಲಿನಲ್ಲಿ ಪೇಟೆಂಟು ಪಿಯರ್ಸ್ ಹೆಸರಿನಲ್ಲಿ ಸಿಕ್ಕಿತು.

ಇವರಿಗಿಂತ ತುಸು ಮುಂಚೆ, 1940ರ ದಶಕದ ಕೊನೆಯಲ್ಲಿ, ಕೆನಡಾದ ಸರಕಾರಿ ಪ್ರಯೋಗಾಲಯದಲ್ಲಿ ವಿಮಾನದ ಎಂಜಿನ್ನಿಗೆ ಐಸು ಕಟ್ಟುವುದನ್ನು ಪರೀಕ್ಷಿಸಲು ತಣ್ಣಗಿನ ಗಾಳಿಗೆ ನೀರು ಚಿಮ್ಮಿಸುತ್ತಿದ್ದರಂತೆ. ಐಸಿನ ಬದಲು ಹಿಮ ಬಂದು ಅದನ್ನು ಬಾಚಿ ಹಾಕುವುದೇ ಅವರಿಗೆ ರಗಳೆಯಾಯಿತು! ಒಬ್ಬರ ಮನೆಯ ಕಸ ಇನ್ನೊಬ್ಬರ ಮನೆಯ ಫಸಲು.

ಶೋನ್‌ಕ್ನೆಕ್ಟ್ ಸುಮ್ಮನೆ ಬಿಡುತ್ತಾನೆಯೇ? ಟೇ ಕಾರ್ಖಾನೆಯವರ ಯಂತ್ರವನ್ನು ಮುಂದಿನ ಚಳಿಗಾಲಕ್ಕೇ ಮೊಹಾಕ್ ಗುಡ್ಡಕ್ಕೆ ತಂದ. ಆ ಕಾಲದ ಯಂತ್ರಗಳು ಕೊಟ್ಟ ಕಾಟವನ್ನು ಓದುವಾಗ ನನಗೆ ನಮ್ಮ ಪಂಪೇ ಕಣ್ಣಿಗೆ ಕಟ್ಟಿತು, ಒಂದು ವ್ಯತ್ಯಾಸದೊಡನೆ. ನಮ್ಮ ಪಂಪು ನಿಂತರೆ ನಿಂತಿತು, ಬೆಳಿಗ್ಗೆ ನೋಡಿಕೊಂಡರಾಯಿತು. ಅಲ್ಲಿ ಪಂಪು ನಿಂತರೆ ಪೈಪಿನಲ್ಲಿರುವ ನೀರು ಸ್ವಲ್ಪ ಹೊತ್ತಿನಲ್ಲೇ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ನೀರು ಹಿಗ್ಗುತ್ತದೆ, ಪೈಪು ಸೀಳುತ್ತದೆ. ಆದ್ದರಿಂದ ನಿಂತ ಕೂಡಲೇ, ಕತ್ತಲಲ್ಲಿ, ಜಾರುವ ಇಳಿಜಾರಿನಲ್ಲಿ ಓಡಿ ಪೈಪಿನ ಬಾಯಿ ಬಿಚ್ಚಿ ನೀರು ಇಳಿಸಬೇಕು. ಕಂಪ್ರೆಸರಿನಿಂದ ಬರುವ ಗಾಳಿ ಮೊದಲು ಬಿಸಿ, ತೇವ. ಆ ತೇವವೇ ಮುಂದೆ ಪೈಪಿನೊಳಗೆ ಐಸಾಗಿ ದಾರಿ ಕಟ್ಟುತ್ತದೆ. ನಳಿಕೆಯ ತುದಿಗೆ ಗಡ್ಡದಂತೆ ಐಸು ಬೆಳೆಯುತ್ತದೆ. ಗಾಳಿ ದಿಕ್ಕು ಬದಲಿಸಿತೋ, ರಾತ್ರಿಯಿಡೀ ಮಾಡಿದ ಹಿಮವೆಲ್ಲ ಪಕ್ಕದ ಕಾಡಿನ ಮರಗಳ ಪಾಲು. ಹನಿ ದಪ್ಪವಾದರೆ ಬೀಳುವುದು ಹಿಮವಲ್ಲ, ಒದ್ದೆ ಗಂಜಿ. ಹಗಲು ಜನ ಆಡುವ ಗುಡ್ಡದ ಮೇಲೆ ರಾತ್ರಿಯಿಡೀ ಹೀಗೆ ನೆನೆದ ಬಟ್ಟೆಯಲ್ಲಿ ಪೈಪು ಎಳೆದಾಡಿದವರ ಹೆಸರು ಯಾವ ಹಕ್ಕುಪತ್ರದಲ್ಲೂ ಇಲ್ಲ.

ಚಳಿಯಿದ್ದರೆ ಸಾಕು ಎಂದುಕೊಂಡರೆ ಅದೂ ಅಲ್ಲ. ಇದನ್ನು ನಾನು ಊರಿಗೆ ಬಂದ ಮೇಲೆ ನಮ್ಮ ಶಾಲೆಯ ವಿಜ್ಞಾನದ ಮೇಡಮ್ಮನ್ನು ಕೇಳಿ ತಿಳಿದುಕೊಂಡೆ. ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ಏಕೆ ತಣ್ಣಗಿರುತ್ತದೆ? ಮಡಕೆಯ ಮೈಯಿಂದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಗಾಳಿ ಒಣಗಿದ್ದಷ್ಟೂ ಮಡಕೆ ತಂಪು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮಡಕೆ ತಂಪಾಗದು, ರಾಯಚೂರಿನ ಏಪ್ರಿಲಿನಲ್ಲಿ ಚೆನ್ನಾಗಿ ತಂಪಾದೀತು. ಗಾಳಿಗೆ ಚಿಮ್ಮಿದ ನೀರಿನ ಹನಿಯದೂ ಇದೇ ಲೆಕ್ಕ. ಗಾಳಿ ಒಣಗಿದ್ದರೆ ಉಷ್ಣಮಾಪಕ ಸೊನ್ನೆ ತೋರಿಸುವಾಗಲೂ ಹಿಮ ಮಾಡಬಹುದು. ತೇವದ ರಾತ್ರಿ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿಳಿದರೂ ಬರೀ ನೀರು ಸುರಿದೀತು. ಅದಕ್ಕಾಗಿ ಅವರು ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕದ ಲೆಕ್ಕವನ್ನು ನೋಡುತ್ತಾರೆ. ಅದು ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದರೆ ಕೆಲಸ ಶುರು. ನವೆಂಬರು, ಡಿಸೆಂಬರಿನಲ್ಲಿ ಅಂಥ ರಾತ್ರಿಗಳು ಬೆರಳೆಣಿಕೆಯಷ್ಟು ಸಿಗುತ್ತವೆ. ಆ ನಾಲ್ಕಾರು ರಾತ್ರಿಗಳಲ್ಲೇ ಯಂತ್ರ ಕೆಟ್ಟು ಕೂತರೆ ಕ್ರಿಸ್‌ಮಸ್ ವಾರದ ಗಳಿಕೆ ಹೋಯಿತು. ಒಂದು ಅಂಗುಲ ಹೂಮಳೆಯ ಮೇಲೆ ನಮ್ಮ ಇಡೀ ವರ್ಷ ನಿಂತ ಹಾಗೆ ಆ ಸಣ್ಣ ಗುಡ್ಡಗಳ ವರ್ಷ ಆ ಒಂದು ವಾರದ ಮೇಲೆ ನಿಂತಿರುತ್ತದೆ.

ಈ ವಿದ್ಯೆಗೆ ಹೆಸರು ಬಂದದ್ದು ಒಂದು ಹೋಟೆಲಿನಿಂದ. ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ಗ್ರಾಸಿಂಜರ್ಸ್ ಎಂಬ ದೊಡ್ಡ ವಿಹಾರಧಾಮವಿತ್ತು. ಅದನ್ನು ಬೆಳೆಸಿದವಳು ಜೆನಿ ಗ್ರಾಸಿಂಜರ್. ಪೂರ್ವ ಯುರೋಪಿನಿಂದ ವಲಸೆ ಬಂದ ಬಡ ಯಹೂದಿ ಕುಟುಂಬ. ಅವಳ ತಂದೆ 1914ರಲ್ಲಿ ಅಲ್ಲೊಂದು ಸವಕಲು ಜಮೀನು ಕೊಂಡ. ಬೇಸಾಯ ಕೈಹತ್ತಲಿಲ್ಲ, ಕಲ್ಲು ನೆಲ. ಆಗ ಬೇಸಿಗೆಗೆ ನಗರದಿಂದ ಬರುವವರನ್ನು ಮನೆಯಲ್ಲಿ ಇಳಿಸಿಕೊಳ್ಳತೊಡಗಿದರು. ತಾಯಿ ಮಲ್ಕಾಳ ಕೈ ಅಡುಗೆ, ಮಗಳ ಉಪಚಾರ. ಬೇರೆ ಎಷ್ಟೋ ಹೋಟೆಲುಗಳು ಯಹೂದಿಗಳಿಗೆ ಬಾಗಿಲು ಮುಚ್ಚಿದ್ದ ಕಾಲವದು. ಊಟದ ಮನೆಯಿಂದ ಶುರುವಾದದ್ದು ನೂರಾರು ಎಕರೆಯ ವಿಹಾರಧಾಮವಾಯಿತು. ಬೇಸಿಗೆಯಲ್ಲೇನೋ ಜನ ಬರುತ್ತಾರೆ, ಚಳಿಗಾಲಕ್ಕೆ? 1952ರಲ್ಲಿ ಅಲ್ಲಿ ಈ ಹಿಮದ ಯಂತ್ರಗಳನ್ನು ಹಾಕಿಸಿ ದೊಡ್ಡ ಪ್ರಮಾಣದಲ್ಲಿ ನಡೆಸಿದರು. ಪತ್ರಿಕೆಯವರು ಬಂದು ಬರೆದರು, ಬೇರೆ ತಾಣದವರು ಬಂದು ನೋಡಿದರು. ಕೆಲಸದವರು ಬೇಡವೆಂದರೂ ಜೆನಿ ತಾನೇ ಅತಿಥಿಗಳ ಮೇಜಿನಿಂದ ಮೇಜಿಗೆ ಹೋಗಿ ಮಾತಾಡಿಸುತ್ತಿದ್ದಳೇನೋ ಎಂದು ನಾನು ಊಹಿಸಿಕೊಂಡೆ. ನಮ್ಮ ಕಡೆ ಖಾನಾವಳಿ ನಡೆಸಿ ಮಕ್ಕಳನ್ನು ಓದಿಸಿದ ಎಷ್ಟು ಹೆಂಗಸರಿಲ್ಲ! ಅವಳು 1972ರಲ್ಲಿ ತೀರಿಕೊಂಡಳು, ಹೋಟೆಲು 1986ರಲ್ಲಿ ಮುಚ್ಚಿತು. ಕಟ್ಟಡಗಳು ವರ್ಷಗಟ್ಟಲೆ ಹಾಳುಬಿದ್ದು 2018ರಲ್ಲಿ ಕೆಡವಲ್ಪಟ್ಟವು.

ಇನ್ನೊಂದು ಕವಲು ನನಗೆ ಹೆಚ್ಚು ಹತ್ತಿರದ್ದು. ಮ್ಯಾಸಚೂಸೆಟ್ಸ್ ರಾಜ್ಯದ ಲೆಕ್ಸಿಂಗ್‌ಟನ್ನಿನಲ್ಲಿ ಟ್ರೋಪಿಯಾನೊ ಎಂಬ ಅಣ್ಣತಮ್ಮಂದಿರು ತೋಟಗಳಿಗೆ ಸ್ಪ್ರಿಂಕ್ಲರ್ ಸಲಕರಣೆ ಮಾರುತ್ತಿದ್ದರು. 1950ರ ದಶಕದ ಮೊದಲಲ್ಲಿ, ಬೆಳೆಯನ್ನು ಚಳಿಯಿಂದ ಉಳಿಸಲು ನೀರು ಚಿಮ್ಮಿಸುವ ಪ್ರಯೋಗ ಮಾಡುತ್ತಿದ್ದಾಗ ಅವರಿಗೂ ಹಿಮ ಸಿಕ್ಕಿತು. ಮುಂದೆ ಅವರೂ ಹಿಮದ ಯಂತ್ರಗಳ ವ್ಯಾಪಾರಕ್ಕಿಳಿದರು. ಅಂದರೆ ಅಪ್ಪಯ್ಯನ ಸ್ಪ್ರಿಂಕ್ಲರೂ ಆ ಗುಡ್ಡದ ಫಿರಂಗಿಯೂ ದಾಯಾದಿಗಳು ಎಂದಾಯಿತು. ಇದನ್ನು ಓದಿದ ದಿನ ಮಗಳಿಗೆ ಹೇಳಿ ಹೇಳಿ ಅವಳಿಗೇ ಸಾಕಾಗಿತ್ತು.

ಆಮೇಲಿನದು ಬೇಗ ಹೇಳಬಹುದು. ಕಂಪ್ರೆಸರಿನ ಬದಲು ದೊಡ್ಡ ಫ್ಯಾನಿನಿಂದ ಹನಿಗಳನ್ನು ಎಸೆಯುವ ಯಂತ್ರಕ್ಕೆ ಆಲ್ಡನ್ ಹ್ಯಾನ್ಸನ್ ಎಂಬಾತ 1961ರಲ್ಲಿ ಪೇಟೆಂಟು ಪಡೆದ. 1970ರ ದಶಕದಲ್ಲಿ ಒಂದು ಬ್ಯಾಕ್ಟೀರಿಯಾ ಬೆಳಕಿಗೆ ಬಂತು. ಅದು ಗಿಡದ ಎಲೆಯ ಮೇಲಿದ್ದರೆ ಹೆಚ್ಚು ಚಳಿಯಿಲ್ಲದಿದ್ದರೂ ನೀರು ಬೇಗ ಹೆಪ್ಪುಗಟ್ಟಿ ಬೆಳೆ ಸುಟ್ಟುಹೋಗುತ್ತದೆ. ರೈತನ ಶತ್ರುವಾದ ಆ ಜೀವಿಯ ಪುಡಿಯನ್ನೇ ನೀರಿಗೆ ಬೆರೆಸಿ ಹಿಮ ಮಾಡಲು ಬಳಸಿಕೊಂಡರು. 1980ರಲ್ಲಿ ಲೇಕ್ ಪ್ಲಾಸಿಡ್‌ನ ಚಳಿಗಾಲದ ಒಲಿಂಪಿಕ್ಸಿಗೆ ಮೊದಲ ಬಾರಿ ಯಂತ್ರದ ಹಿಮ ಬಂತು, 2022ರ ಬೀಜಿಂಗ್ ಒಲಿಂಪಿಕ್ಸ್ ಹೆಚ್ಚುಕಡಿಮೆ ಪೂರ್ತಿ ಯಂತ್ರದ ಹಿಮದ ಮೇಲೇ ನಡೆಯಿತು. ಲಾರಿಯಲ್ಲಿ ಐಸು ತಂದ ಶೋನ್‌ಕ್ನೆಕ್ಟ್ ವರ್ಮಾಂಟ್ ರಾಜ್ಯದಲ್ಲಿ ಇನ್ನೂ ದೊಡ್ಡ ತಾಣ ಕಟ್ಟಿ 1954ರಲ್ಲಿ ತೆರೆದ. ಅದರ ಹೆಸರು ಮೌಂಟ್ ಸ್ನೋ, ಹಿಮದ ಬೆಟ್ಟ. ಹಿಮ ಹೆಚ್ಚು ಬೀಳುತ್ತದೆಂದಲ್ಲ, ಆ ಜಮೀನನ್ನು ಮಾರಿದ ರೈತನ ಮನೆತನದ ಹೆಸರೇ ಸ್ನೋ!

ಆದರೆ ದೊಡ್ಡವರು ಯಂತ್ರದ ಮೇಲೆ ಯಂತ್ರ ಹಾಕಿಸಿದಂತೆಲ್ಲ ಸಣ್ಣ ಗುಡ್ಡಗಳಿಗೆ ಕಷ್ಟ ಹೆಚ್ಚಿತು. ಯಂತ್ರವಿಲ್ಲದ ಗುಡ್ಡಕ್ಕೆ ಜನ ಬರುವುದಿಲ್ಲ, ಯಂತ್ರ ಹಾಕಿಸಿದರೆ ಸಾಲ ತೀರುವುದಿಲ್ಲ. ನ್ಯೂ ಇಂಗ್ಲೆಂಡಿನಲ್ಲಿ ಮುಚ್ಚಿಹೋದ ಇಂಥ ತಾಣಗಳು ನೂರಾರು. ಇಳಿಜಾರಿನಲ್ಲಿ ಮರ ಬೆಳೆದು, ತುಕ್ಕು ಹಿಡಿದ ಲಿಫ್ಟಿನ ಕಂಬಗಳು ಕಾಡಿನ ನಡುವೆ ನಿಂತಿವೆ. ಒಂದು ಎಕರೆ ಇಳಿಜಾರನ್ನು ಒಂದು ಅಡಿ ಹಿಮದಿಂದ ಮುಚ್ಚಲು ಏಳು ಲಕ್ಷ ಲೀಟರಿಗೆ ಹತ್ತಿರ ನೀರು ಬೇಕು. ನಮ್ಮ ಊರುಗಳಲ್ಲಿ ಬೇಸಿಗೆಯಲ್ಲಿ ಬರುತ್ತದಲ್ಲ, ಅಂಥ ನೂರಕ್ಕೂ ಹೆಚ್ಚು ಟ್ಯಾಂಕರು. ಅದನ್ನು ಗುಡ್ಡದ ಮೇಲೆತ್ತುವ ವಿದ್ಯುತ್ತೋ ಡೀಸೆಲ್ಲೋ ಬೇರೆ.

1983ರ ಮೂರನೆಯ ದಿನದ ಮಾತು ಹೇಳುತ್ತೇನೆಂದಿದ್ದೆ. ಅಂಗಳದಲ್ಲಿ ನಿಂತ ಕೆಳಗಿನ ಗದ್ದೆಯವರಲ್ಲಿ ಗಂಡಸರು ಮಾತಾಡಲಿಲ್ಲ. ಒಬ್ಬ ಮುದುಕಿ, ನಮ್ಮಮ್ಮನಿಗೆ ಬಾಣಂತನ ಮಾಡಿದವಳೇ, "ಅಮ್ಮಾ, ದನಕ್ಕೆ ಕುಡಿಯಕ್ಕೂ ನೀರು ಬರ್ತಿಲ್ಲ" ಎಂದಳು. ಅಪ್ಪಯ್ಯ ಇನ್ನೆರಡು ದಿನ ಬಿಡಿ ಎಂದು ಗೋಗರೆದರು. ಮಾತಿಗೆ ಮಾತು ಬೆಳೆಯಿತು. ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಏನೂ ಹೇಳಲಿಲ್ಲ. ಬೆಳಿಗ್ಗೆ ನೋಡಿದರೆ ಕಟ್ಟದ ಒಂದು ಬದಿ ಬಿಚ್ಚಿತ್ತು, ನೀರು ಹರಿಯುತ್ತಿತ್ತು. ಕೆಳಗಿನವರು ಬಿಚ್ಚಿದರೆಂದೇ ಅಪ್ಪಯ್ಯ ಕೊನೆಯವರೆಗೂ ನಂಬಿದ್ದರು. ಅಮ್ಮನ ಸೀರೆಯ ನಿರಿಗೆಯಲ್ಲಿ ಅಂಟಿದ್ದ ಕೆಸರನ್ನು ನಾನು ಒಗೆಯುವ ಕಲ್ಲಿನ ಹತ್ತಿರ ನೋಡಿದ್ದೆ. ಅರ್ಧ ತೋಟ ಹೂವಾಯಿತು, ಅರ್ಧ ಆಗಲಿಲ್ಲ. ಬಳೆಗಳು ಮತ್ತೆ ಬರಲಿಲ್ಲ.

ಆ ಸಂಜೆ ಗುಡ್ಡದಲ್ಲಿ ರಾತ್ರಿ ಹತ್ತರ ಹೊತ್ತಿಗೆ ಪಂಪು ಹಿಡಿಯಿತು. ಮೊದಲು ಗುಡುಗಿನಂಥ ಸದ್ದು, ಆಮೇಲೆ ಮೂತಿಯಿಂದ ನೀರು, ಆಮೇಲೆ ದೀಪದ ಬೆಳಕಿನಲ್ಲಿ ಬೆಳ್ಳನೆಯ ಧೂಳು. ಆ ಮುದುಕ ತೋಳನ್ನು ಯಂತ್ರದ ಮುಂದೆ ಚಾಚಿ, ಅಂಗಿಯ ಮೇಲೆ ಬಿದ್ದ ಹಿಮವನ್ನು ಕೊಡವಿ ನೋಡಿದ. ಪುಟಿದು ಬಿದ್ದರೆ ಹದ ಸರಿ, ಅಂಟಿಕೊಂಡರೆ ನೀರು ಹೆಚ್ಚು ಎಂದು ಅಳಿಯ ವಿವರಿಸಿದರು. ನಾವು ರವೆ ಹುರಿಯುವಾಗ ಬೆರಳಿನಿಂದ ನೋಡುವ ಹಾಗೆಯೇ. ನಾನೂ ಕೈಯೊಡ್ಡಿದೆ. ಸಿನಿಮಾದಲ್ಲಿ ಕಂಡ ಹತ್ತಿಯಂಥದ್ದಲ್ಲ, ಸಣ್ಣ ರವೆಯಂಥ ಹರಳು. ಮಾರನೆಯ ದಿನ ಮಕ್ಕಳ ಇಳಿಜಾರನ್ನು ಮಾತ್ರ ತೆರೆದರು. ಕಂದು ಹುಲ್ಲಿನ ನಡುವೆ ಒಂದು ಬಿಳಿಯ ಪಟ್ಟಿ, ಅದರ ಮೇಲೆ ಮೊಮ್ಮಗ ಬಿದ್ದ, ಎದ್ದ, ಮತ್ತೆ ಬಿದ್ದ. ಡಿಸೆಂಬರ್ 18ರಂದು ಜೋರು ಮಳೆ ಸುರಿದು ಆ ಪಟ್ಟಿಯೂ ತೊಳೆದುಹೋಯಿತು. ಕ್ರಿಸ್‌ಮಸ್‌ಗೆ ಗುಡ್ಡ ಮುಚ್ಚಿತ್ತು. ಟಿಕೆಟ್ಟಿನ ಕಿಟಕಿಗೆ ಪರದೆ ಎಳೆದಿತ್ತು.

ವಾರಕ್ಕೊಮ್ಮೆ ಊರಿಗೆ ಫೋನು ಮಾಡುತ್ತಿದ್ದೆ. ಅಮ್ಮನಿಗೆ ಆಗ ಎಂಬತ್ತೊಂದು, ಕಿವಿ ಮಂದ, ತಲೆ ಚುರುಕು. ಗುಡ್ಡ, ಪಂಪು, ನಳಿಕೆ, ಹಿಮ ಎಲ್ಲವನ್ನೂ ಕೂಗಿ ಕೂಗಿ ಹೇಳಿದೆ. ಅಪ್ಪಯ್ಯ ಇದ್ದಿದ್ದರೆ ಖುಷಿಪಡುತ್ತಿದ್ದರು ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

"ಅಲ್ಲ ಕಣೇ, ಅಷ್ಟು ನೀರು ಎತ್ತಿದ್ರೆ ಕೆಳಗಿನೋರು ಏನೂ ಅನ್ನಲಿಲ್ವಾ?"

ಅಳಿಯನನ್ನು ಕೇಳಿದೆ. ಕೊಳದಿಂದ ಹೊರಡುವ ತೊರೆ ಯಾವ ಕಡೆ ಹರಿಯುತ್ತದೆಂದು ಅವರೂ ನೋಡಿರಲಿಲ್ಲ.